ತೆರಿಗೆ ಇಳೀತು, ಗೋದಲಿಗೆ ಏನು ಬಂತು?

ಹಾಲು ಉತ್ಪಾದಕ ಅಕ್ಕಂದಿರೇ, ತಾಯಂದಿರೇ,

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತು. ಟಿವಿಯಲ್ಲಿ ತುಪ್ಪ, ಬೆಣ್ಣೆ, ಪನೀರ್ ಎಂದು ಹಾಲಿನ ಪದಾರ್ಥಗಳ ಹೆಸರೇ ಮೇಲಿಂದ ಮೇಲೆ ಕೇಳಿಬಂದದ್ದರಿಂದ, ಆಮೇಲೆ ನಾನು ಯಾವ ಸಂಘಕ್ಕೆ ಹೋದರೂ ಒಂದೇ ಪ್ರಶ್ನೆ. "ಅಲ್ರಿ ಡಾಕ್ಟರ, ಟ್ಯಾಕ್ಸ್ ಇಳಿಸ್ಯಾರಂತಲ್ಲ, ನಮ್ಮ ಹಾಲಿಗೇನರ ಹೆಚ್ಚಿಗಿ ಬರತೈತೇನ್ರಿ?" ಬ್ಯಾಡಗಿ ಕಡೆಯ ಹಳ್ಳಿಯಲ್ಲೂ ಕೇಳಿದರು, ರಾಣೇಬೆನ್ನೂರು ಕಡೆಯಲ್ಲೂ ಕೇಳಿದರು. ಇದು ಸಣ್ಣ ಪ್ರಶ್ನೆಯಲ್ಲ. ದೆಹಲಿಯಲ್ಲಿ, ಬೆಂಗಳೂರಿನಲ್ಲಿ ದೊಡ್ಡ ದೊಡ್ಡವರು ಕುಳಿತು ವಾದ ಮಾಡುವುದೂ ಇದನ್ನೇ. ಜನರ ಕೈಯಲ್ಲಿ ದುಡ್ಡು ಆಡಬೇಕಾದರೆ ಸರ್ಕಾರ ತೆರಿಗೆ ಇಳಿಸಬೇಕೋ, ಇಲ್ಲಾ ತೆರಿಗೆ ತೆಗೆದುಕೊಂಡು ಅದನ್ನೇ ಜನರ ಸಲುವಾಗಿ ಖರ್ಚು ಮಾಡಬೇಕೋ? ನಾನು ಓದಿದ್ದು ಪಶುವೈದ್ಯಕೀಯ, ಅರ್ಥಶಾಸ್ತ್ರವಲ್ಲ. ಆದರೆ ದಿನಾ ನಿಮ್ಮ ದನದ ಮನೆಗಳಲ್ಲಿ ಓಡಾಡುವುದರಿಂದ ಯಾವ ದುಡ್ಡು ಅಲ್ಲಿಯವರೆಗೆ ಬರುತ್ತದೆ, ಯಾವುದು ದಾರಿಯಲ್ಲೇ ಉಳಿಯುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಆ ಲೆಕ್ಕ ಇಲ್ಲಿ ಬರೆಯುತ್ತೇನೆ. ಹಾಲಿನ ಖರೀದಿ ದರದ ಪ್ರಶ್ನೆ ಬೇರೆ. ಸಂಪಾದಕರು ಜಾಗ ಕೊಟ್ಟರೆ ಅದನ್ನು ಇನ್ನೊಂದು ಸಂಚಿಕೆಯಲ್ಲಿ ಮಾತಾಡೋಣ.

ಮೊದಲು ತೆರಿಗೆ. ನೀವು ಡೇರಿಗೆ ಹಾಕುವ ಹಾಲಿಗೆ ಜಿಎಸ್‌ಟಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. ಪಶು ಆಹಾರಕ್ಕೂ ಇಲ್ಲ. ಕಣಿಕೆಗೂ ಹಸಿ ಮೇವಿಗೂ ಇಲ್ಲ. ಇಲ್ಲದ ತೆರಿಗೆಯನ್ನು ಇಳಿಸುವುದು ಹೇಗೆ? ಇಳಿದದ್ದು ಹಾಲು ನಿಮ್ಮ ಸಂಘ ದಾಟಿ ಹೋದ ಮೇಲೆ ಆಗುವ ಪದಾರ್ಥಗಳ ಮೇಲೆ. ತುಪ್ಪ, ಬೆಣ್ಣೆ, ಚೀಸ್ ಶೇ. 12ರಿಂದ ಶೇ. 5ಕ್ಕೆ ಬಂದವು. ಪ್ಯಾಕೆಟ್ ಪನೀರ್ ಮತ್ತು ತಿಂಗಳುಗಟ್ಟಲೆ ಕೆಡದ ಯುಎಚ್‌ಟಿ ಹಾಲಿಗೆ ಇದ್ದ ಶೇ. 5 ಪೂರ್ತಿ ಹೋಯಿತು. ಹಾಲಿನ ಕ್ಯಾನಿಗೂ ಶೇ. 12 ಇದ್ದದ್ದು ಶೇ. 5 ಆಯಿತು. ಆದರೆ 2022ರ ಜುಲೈ 18ರಂದು ಪ್ಯಾಕೆಟ್ ಮೊಸರು, ಮಜ್ಜಿಗೆ, ಲಸ್ಸಿಗೆ ಹೊಸದಾಗಿ ಹಾಕಿದ ಶೇ. 5 ಹಾಗೇ ಉಳಿದಿದೆ. ಅದರ ಬಗ್ಗೆ ಯಾರೂ ಹಬ್ಬ ಮಾಡಲಿಲ್ಲ. ನಿಮಗೆ ನೇರವಾಗಿ ತಟ್ಟುವಂಥದ್ದು ಒಂದು ಇದೆ: ಔಷಧಗಳ ಮೇಲಿನ ಶೇ. 12 ಕೂಡ ಶೇ. 5ಕ್ಕೆ ಇಳಿದಿದೆ. ಕೆಚ್ಚಲುಬಾವಿಗೆ ಹೊರಗಡೆ ಅಂಗಡಿಯಿಂದ ಔಷಧ ತರುವಾಗ ಹಳೆಯ ಚೀಟಿಯೊಂದಿಗೆ ಹೊಸ ಚೀಟಿ ಹೋಲಿಸಿ ನೋಡಿ.

ತುಪ್ಪದ ಕಥೆ ನೋಡುವಂತಿದೆ. ತೆರಿಗೆ ಇಳಿದ ದಿನ ನಂದಿನಿ ತುಪ್ಪದ ಬೆಲೆ ಲೀಟರಿಗೆ 650 ರೂಪಾಯಿಯಿಂದ 610ಕ್ಕೆ ಬಂತು. ನವೆಂಬರ್ 5ಕ್ಕೆ ಅದೇ ತುಪ್ಪ 700 ರೂಪಾಯಿ ಆಯಿತು. ಕೊಳ್ಳುವವರಿಗೆ ಸಿಕ್ಕ ಸಮಾಧಾನ ಒಂದೂವರೆ ತಿಂಗಳು ಬಾಳಿತು. ಇದರಲ್ಲಿ ನಾನು ಯಾರನ್ನೂ ಬೈಯುತ್ತಿಲ್ಲ. ತುಪ್ಪಕ್ಕೆ ಒಳ್ಳೆಯ ಬೆಲೆ ಬಂದರೆ ಒಕ್ಕೂಟಕ್ಕೆ ಒಳ್ಳೆಯದು, ಒಕ್ಕೂಟ ಚೆನ್ನಾಗಿದ್ದರೆ ನಿಮಗೂ ಒಳ್ಳೆಯದೇ. ತಿಳಿದುಕೊಳ್ಳಬೇಕಾದದ್ದು ಇಷ್ಟೇ: ತೆರಿಗೆ ಬಿಟ್ಟುಹೋದ ಜಾಗ ಖಾಲಿ ಉಳಿಯುವುದಿಲ್ಲ. ಬೆಲೆ ಬಂದು ಅಲ್ಲಿ ಕೂರಬಹುದು, ಲಾಭ ಬಂದು ಕೂರಬಹುದು. ಆ ದುಡ್ಡು ಯಾರ ಕೈಗೆ ಹೋಗಬೇಕು ಎಂದು ತೆರಿಗೆ ಇಳಿಸಿದ ಸರ್ಕಾರ ಹೇಳಲಾರದು.

ಹಾಗೆಂದು ತೆರಿಗೆ ಇಳಿದದ್ದರಿಂದ ನಿಮ್ಮ ಮನೆಗೆ ಏನೂ ಬರಲಿಲ್ಲ ಎಂದರೆ ತಪ್ಪಾಗುತ್ತದೆ. ಮೈಸಾಬೂನು, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟ್ ಇವೆಲ್ಲ ಶೇ. 18ರಲ್ಲಿ ಇದ್ದವು, ಶೇ. 5ಕ್ಕೆ ಬಂದಿವೆ. ಬಿಸ್ಕತ್ತೂ ಶೇ. 5ರಲ್ಲೇ ಇದೆ. ಇಂಥ ಶೇ. 18ರ ಸಾಮಾನಿಗೆ ತಿಂಗಳಿಗೆ 1,000 ರೂಪಾಯಿ ಖರ್ಚು ಮಾಡುವ ಮನೆಗೆ, ಅಂಗಡಿಯವರು ಇಳಿದಷ್ಟನ್ನೂ ಬಿಟ್ಟುಕೊಟ್ಟರೆ, ಸುಮಾರು 110 ರೂಪಾಯಿ ಉಳಿಯುತ್ತದೆ. ಐದು ರೂಪಾಯಿ, ಹತ್ತು ರೂಪಾಯಿಯ ಸಣ್ಣ ಪ್ಯಾಕೆಟ್ಟುಗಳಲ್ಲಿ ಎಷ್ಟು ಬಿಟ್ಟುಕೊಟ್ಟರು ಎಂಬುದನ್ನು ನೀವೇ ನೋಡಿದ್ದೀರಿ.

ಇನ್ನು ಖರ್ಚಿನ ಕಡೆ ಬರೋಣ. ನೀವು ಸಂಘಕ್ಕೆ ಹಾಕುವ ಪ್ರತಿ ಲೀಟರಿಗೆ ರಾಜ್ಯ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. 2008ರಲ್ಲಿ ಇದು ಶುರುವಾದಾಗ ಲೀಟರಿಗೆ 2 ರೂಪಾಯಿ. 2013ರಲ್ಲಿ 4 ಆಯಿತು, 2016ರಲ್ಲಿ 5 ಆಯಿತು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ 5 ರೂಪಾಯಿಯಂತೆ ತಿಂಗಳಿಗೆ 1,500 ರೂಪಾಯಿ. 110 ಎಲ್ಲಿ, 1,500 ಎಲ್ಲಿ? ಅದೂ ಹಾಲು ಹಿಂಡುವವರಿಗೇ, ಅವರ ಖಾತೆಗೇ, ಅಳೆದ ಲೀಟರಿನ ಲೆಕ್ಕದಲ್ಲಿ. ಎರಡು ಆಕಳ ಮನೆಯವರಿಗೆ ಇದಕ್ಕಿಂತ ಹತ್ತಿರದ ದಾರಿಯನ್ನು ಸರ್ಕಾರ ಇನ್ನೂ ಕಂಡುಹಿಡಿದಿಲ್ಲ.

ಈ ಹೋಲಿಕೆಗೆ ಒಂದು ತಕರಾರು ಇದೆ, ಅದನ್ನು ಮುಚ್ಚಿಡಬಾರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂಲಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಗೆ ದನವೇ ಇಲ್ಲ. ಅವರಿಗೆ ಹಾಲಿನ ಪ್ರೋತ್ಸಾಹಧನ ಒಂದು ಪೈಸೆ ಬರುವುದಿಲ್ಲ, ಆದರೆ ಸಾಬೂನಿನ ಮೇಲೆ ಇಳಿದ ತೆರಿಗೆ ಅವರಿಗೂ ಸಿಗುತ್ತದೆ. ಇನ್ನೊಂದು, ತೆರಿಗೆ ಇಳಿಸಿದರೆ ಅದು ರಾತ್ರಿ ಹನ್ನೆರಡಕ್ಕೆ ಇಡೀ ದೇಶಕ್ಕೆ ಒಂದೇ ಸಲ ಇಳಿಯುತ್ತದೆ. ಅರ್ಜಿ ಬೇಡ, ಆಧಾರ್ ಜೋಡಣೆ ಬೇಡ, ಯಾರ ಸಹಿಯೂ ಬೇಡ. ಪ್ರೋತ್ಸಾಹಧನ ಹಾಗಲ್ಲ. ಅದು ಎಷ್ಟು ಸಲ ತಿಂಗಳುಗಟ್ಟಲೆ ತಡವಾಗಿದೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮಾರ್ಚ್‌ನಲ್ಲಿ ಮೇವು ಕೊಳ್ಳಬೇಕಾದ ದುಡ್ಡು ಮುಂಗಾರಿನ ಮೇಲೆ ಬಂದರೆ ಆ ಆಕಳಿಗೆ ಏನು ಉಪಯೋಗ? ಬೇಸಿಗೆಯಲ್ಲಿ ಹೊಟ್ಟೆಗೆ ಕಡಿಮೆಯಾದ ಆಕಳು ಬೆದೆಗೆ ಬರುವುದನ್ನೇ ಬಿಡುತ್ತದೆ. ಒಂದು ಬೆದೆ ತಪ್ಪಿದರೆ 21 ದಿನ ಕಾಯಬೇಕು, ಎರಡು ತಪ್ಪಿದರೆ ಒಂದೂವರೆ ತಿಂಗಳು ಹೋಯಿತು. ತಡವಾಗಿ ಬಂದ ಐದು ರೂಪಾಯಿ ಐದು ರೂಪಾಯಿಯಾಗಿ ಉಳಿದಿರುವುದಿಲ್ಲ. ಖರ್ಚು ಮಾಡುವ ಸರ್ಕಾರದ ಪರವಾಗಿ ಮಾತಾಡುವ ನನ್ನಂಥವರು ಮೊದಲು ಉತ್ತರ ಕೊಡಬೇಕಾದದ್ದು ಈ ತಡಕ್ಕೆ.

ದುಡ್ಡು ಕೈಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. 2025ರ ಫೆಬ್ರವರಿ 1ರ ಕೇಂದ್ರ ಬಜೆಟ್‌ನಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದರು. ಇದರಿಂದ ಸರ್ಕಾರಕ್ಕೆ ಸುಮಾರು 1 ಲಕ್ಷ ಕೋಟಿ ರೂಪಾಯಿ ಬರುವುದು ನಿಂತಿತು. ನಿಮ್ಮಲ್ಲಿ ಯಾರಿಗೂ ಇದರಿಂದ ಏನೂ ಆಗಿರಲಿಕ್ಕಿಲ್ಲ; ಆದಾಯ ತೆರಿಗೆ ಕಟ್ಟುವಷ್ಟು ಹಾಲು ನಮ್ಮ ಕಡೆ ಯಾವ ಎರಡು ಆಕಳೂ ಕೊಡುವುದಿಲ್ಲ. ನನಗೆ ಆಯಿತು. ಆ ಉಳಿದ ದುಡ್ಡಲ್ಲಿ ನಮ್ಮ ಮನೆಗೆ ಫ್ರಿಜ್ ಬಂತು. ಫ್ರಿಜ್ ಮಾಡಿದ ಕಂಪನಿ ಹಾವೇರಿಯದಲ್ಲ, ಮಾರಿದ್ದು ಆನ್‌ಲೈನ್‌ನವರು. ತಂದುಕೊಟ್ಟ ಹುಡುಗನಿಗೆ ಬಂದಷ್ಟೇ ಜಿಲ್ಲೆಯಲ್ಲಿ ಉಳಿದದ್ದು.

ನಿಮ್ಮ 1,500 ರೂಪಾಯಿ ಹಾಗೆ ಹೋಗುವುದಿಲ್ಲ. ಹಿಂಡಿ ಅಂಗಡಿಗೆ ಒಂದಷ್ಟು, ಸ್ವಸಹಾಯ ಸಂಘದ ಕಂತಿಗೆ ಒಂದಷ್ಟು, ಮಗಳ ಕಾಲೇಜಿನ ಖರ್ಚಿಗೆ ಒಂದಷ್ಟು, ಕಣಿಕೆ ಕೊಡುವ ಪಕ್ಕದ ಹೊಲದವರಿಗೆ ಒಂದಷ್ಟು. ಹಿಂಡಿ ಅಂಗಡಿಯವರು ಅದರಲ್ಲಿ ಹಮಾಲರಿಗೆ ಕೊಡುತ್ತಾರೆ, ಹಮಾಲರು ರಾಣೇಬೆನ್ನೂರಿನಲ್ಲಿ ಬಟ್ಟೆ ಕೊಳ್ಳುತ್ತಾರೆ. ಅದೇ ನೋಟು ಜಿಲ್ಲೆ ಬಿಡುವ ಮೊದಲು ನಾಲ್ಕು ಕೈ ತಿರುಗುತ್ತದೆ. ಕೈ ತುಂಬ ಇದ್ದವರಿಗೆ ಕೊಟ್ಟ ರೂಪಾಯಿ ಬ್ಯಾಂಕಿಗೆ ಹೋಗಿ ಮಲಗುತ್ತದೆ, ಇಲ್ಲದವರಿಗೆ ಕೊಟ್ಟ ರೂಪಾಯಿ ಸಂತೆಗೆ ಹೋಗುತ್ತದೆ. ವ್ಯಾಪಾರ ಮಂದವಾದ ಕಾಲದಲ್ಲಿ ಸಂತೆಗೆ ಹೋಗುವ ರೂಪಾಯಿಯೇ ಬೇಕು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬಿಟ್ಟುಕೊಟ್ಟಿತು. ಕಂಪನಿಗಳು ಹೊಸ ಕಾರ್ಖಾನೆ ಹಾಕುತ್ತವೆ, ಕೆಲಸ ಹುಟ್ಟುತ್ತದೆ ಎಂಬುದು ಲೆಕ್ಕ. ನನ್ನ ಅನಿಸಿಕೆ ಏನೆಂದರೆ, ಮಾಲು ಕೊಳ್ಳುವವರ ಕೈ ಬರಿದಾಗಿದ್ದಾಗ ಯಾವ ಕಾರ್ಖಾನೆಯವರೂ ತೆರಿಗೆ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಇನ್ನೊಂದು ಯಂತ್ರ ತಂದು ಕೂರಿಸುವುದಿಲ್ಲ.

ಇನ್ನು ಸರ್ಕಾರ ನಿಮ್ಮ ಹಾಲಿನ ಗಿರಾಕಿಯೂ ಹೌದು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. ಶಾಲೆ, ಅಂಗನವಾಡಿ ಮಕ್ಕಳಿಗೆ ಒಂದು ಲೋಟ ಹಾಲು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಮಕ್ಕಳಿಗೆ ಪೌಷ್ಟಿಕಾಂಶ ಎಂದು ನಾವೆಲ್ಲ ಅದನ್ನು ನೋಡಿದೆವು, ಅದು ಸರಿಯೇ. ಆದರೆ ಒಕ್ಕೂಟದ ಕಡೆಯಿಂದ ನೋಡಿ. ಹಸಿ ಮೇವು ಚೆನ್ನಾಗಿ ಸಿಗುವ ತಿಂಗಳುಗಳಲ್ಲಿ ಹಾಲು ಹೆಚ್ಚು ಬರುತ್ತದೆ. ಪ್ಯಾಕೆಟ್ ಮಾಡಿ ಮಾರಲು ಆಗದ ಹಾಲನ್ನು ಪುಡಿ ಮಾಡಬೇಕು. ಪುಡಿಯ ಬೆಲೆ ನಮ್ಮ ಕೈಯಲ್ಲಿಲ್ಲ, ಮಾರುಕಟ್ಟೆ ಬಿದ್ದರೆ ಪುಡಿ ಗೋದಾಮಿನಲ್ಲೇ ಕೂರುತ್ತದೆ, ಅದರ ಜೊತೆ ಒಕ್ಕೂಟದ ದುಡ್ಡೂ ಕೂರುತ್ತದೆ. ಖಾಸಗಿಯವರಾದರೆ ಆಗ ಏನು ಮಾಡುತ್ತಾರೆ? ಹಾಲು ಬೇಡ, ನಾಳೆ ತರಬೇಡಿ ಎನ್ನುತ್ತಾರೆ. ಹಾಲು ಹೆಚ್ಚಾಗಿ ದಾರಿ ಕಾಣದಿದ್ದ ಸಮಯದಲ್ಲೇ ಸರ್ಕಾರ ಆ ಪುಡಿ ಕೊಂಡು ಶಾಲೆಗೆ ಕಳಿಸಿತು. ನಿಮ್ಮ ಊರಿನ ಶಾಲೆಯ ಬಿಸಿಹಾಲಿನ ಪಾತ್ರೆ ನಿಮ್ಮ ಸಂಘದ ಗಿರಾಕಿ ಎಂದು ನೀವು ಎಂದಾದರೂ ಲೆಕ್ಕ ಹಾಕಿದ್ದಿರಾ?

2020ರ ಲಾಕ್‌ಡೌನಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿತು. ಚಹಾದಂಗಡಿ, ಹೋಟೆಲ್, ಮದುವೆ ಎಲ್ಲ ಒಂದೇ ದಿನ ಬಂದ್. ಆಕಳಿಗೆ ಲಾಕ್‌ಡೌನ್ ಗೊತ್ತಾಗುವುದಿಲ್ಲ, ಬೆಳಿಗ್ಗೆ ಸಂಜೆ ಹಿಂಡಲೇಬೇಕು. ಆಗ ರಾಜ್ಯ ಸರ್ಕಾರ ಉಳಿದ ಹಾಲು ಕೊಂಡು ನಗರಗಳ ಬಡವರಿಗೆ ಪುಕ್ಕಟೆ ಹಂಚಿತು. ಆ ಏಪ್ರಿಲ್‌ನಲ್ಲಿ ಹಾಲಿನ ಪದಾರ್ಥಗಳ ಮೇಲಿನ ಅಷ್ಟೂ ತೆರಿಗೆ ತೆಗೆದಿದ್ದರೂ, ಬಾಗಿಲು ಹಾಕಿದ ಹೋಟೆಲ್ ಒಂದು ಲೋಟ ಹಾಲು ಹೆಚ್ಚಿಗೆ ಕೊಳ್ಳುತ್ತಿರಲಿಲ್ಲ.

ಸಂಘ ಎಂಬುದೇ ಹೀಗೆ ಹುಟ್ಟಿದ್ದು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ನಿಗಮ ಶುರುವಾಯಿತು, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳಿ ಆಯಿತು. 1986–87ರಿಂದ ಕೇಂದ್ರದ ಸ್ಟೆಪ್ ಯೋಜನೆಯ ದುಡ್ಡಲ್ಲಿ ರಾಜ್ಯದಲ್ಲಿ ಮಹಿಳಾ ಹಾಲು ಸಂಘಗಳು ಎದ್ದವು, ಹೆಣ್ಣುಮಕ್ಕಳೇ ಅಧ್ಯಕ್ಷರು, ಹೆಣ್ಣುಮಕ್ಕಳೇ ಕಾರ್ಯದರ್ಶಿಗಳು. ನಲವತ್ತು ಲೀಟರ್ ಹಾಲಿನ ಒಂದು ಕ್ಯಾನಿಗಾಗಿ ಕೆಟ್ಟ ರಸ್ತೆಯ ಹಳ್ಳಿಗೆ ದಿನಾ ಎರಡು ಸಲ ಗಾಡಿ ಓಡಿಸುವ ವ್ಯಾಪಾರಿಯನ್ನು ಯಾವ ತೆರಿಗೆ ರಿಯಾಯಿತಿಯೂ ಹುಟ್ಟಿಸುತ್ತಿರಲಿಲ್ಲ.

ಈಗ ನನ್ನ ಸ್ವಂತ ಕಸುಬಿನ ಮಾತು. ಕಾಲುಬಾಯಿ ಬೇನೆಗೆ ವರ್ಷಕ್ಕೆ ಎರಡು ಸಲ ಲಸಿಕೆ ಹಾಕಲು ಬರುತ್ತೇವಲ್ಲ, ಅದರ ಖರ್ಚು 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ್ದು. ಸರ್ಕಾರ ಇದನ್ನು ನಿಲ್ಲಿಸಿ, ಲಸಿಕೆಯ ಮೇಲಿನ ತೆರಿಗೆ ಪೂರ್ತಿ ಮನ್ನಾ ಮಾಡಿದ್ದೇವೆ, ಬೇಕಾದವರು ಅಂಗಡಿಯಲ್ಲಿ ಕೊಂಡುಕೊಳ್ಳಿ ಎಂದಿತು ಎಂದುಕೊಳ್ಳಿ. ಏನಾಗುತ್ತದೆ? ಹತ್ತು ಆಕಳು ಇದ್ದವರು ಕೊಳ್ಳುತ್ತಾರೆ. ಒಂದು ಎಮ್ಮೆ ಇದ್ದವರು, ಈಗ ಆರೋಗ್ಯವಾಗೇ ಇದೆಯಲ್ಲ, ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆ. ಅವರ ಮೇಲೆ ಸಿಟ್ಟಾಗಲು ಬರುವುದಿಲ್ಲ, ಕೈಯಲ್ಲಿ ಇರುವ ನೂರು ರೂಪಾಯಿಗೆ ನೂರು ಕೆಲಸ ಕಾದಿರುತ್ತವೆ. ಆದರೆ ಕಾಲುಬಾಯಿ ಬೇನೆ ಗಾಳಿಯಲ್ಲಿ ಬರುತ್ತದೆ, ಕೆರೆಯ ನೀರು ಕುಡಿಯುವಲ್ಲಿ ಬರುತ್ತದೆ, ಸಂತೆಯಿಂದ ತಂದ ಎತ್ತಿನ ಗೊರಸಿನಲ್ಲಿ ಬರುತ್ತದೆ. ಲಸಿಕೆ ಹಾಕಿಸದ ಆ ಒಂದು ಎಮ್ಮೆಯಲ್ಲಿ ರೋಗ ಕಾಲಿಟ್ಟರೆ ಓಣಿಗೆಲ್ಲ ಅಪಾಯ. 2013ರಲ್ಲಿ ನಮ್ಮ ರಾಜ್ಯದಲ್ಲಿ ಈ ಬೇನೆ ಹರಡಿ ಸಾವಿರಾರು ದನಗಳು ಸತ್ತವು. ಬದುಕಿ ಉಳಿದವುಗಳ ಪಾಡೂ ಸುಖವಲ್ಲ: ಬಿಸಿಲಿಗೆ ಏದುಸಿರು ಬಿಡುತ್ತವೆ, ಗಬ್ಬ ನಿಲ್ಲುವುದಿಲ್ಲ, ಹಾಲು ಮೊದಲಿನ ಮಟ್ಟಕ್ಕೆ ಬರುವುದೇ ಇಲ್ಲ. ನಿಮ್ಮ ಆಕಳಿಗೆ ಹಾಕಿದ ಸೂಜಿ ಪಕ್ಕದ ಮನೆಯವರ ಆಕಳನ್ನೂ ಕಾಯುತ್ತದೆ, ಅವರಿಗೆ ಹಾಕಿದ್ದು ನಿಮ್ಮದನ್ನು ಕಾಯುತ್ತದೆ. ಇಂಥ ವಸ್ತುವನ್ನು ಒಬ್ಬೊಬ್ಬರೇ ಅಂಗಡಿಯಲ್ಲಿ ಕೊಳ್ಳಲಾಗದು. ಎಲ್ಲರೂ ಸೇರಿ ಕೊಟ್ಟ ತೆರಿಗೆಯಿಂದಲೇ ಕೊಳ್ಳಬೇಕು.

ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಇದಕ್ಕಿಂತ ಹತ್ತಿರದ್ದು. ಗಬ್ಬದ ಆಕಳು ತಿಂಗಳು ತುಂಬುವ ಮೊದಲೇ ಕರು ಹಾಕುತ್ತದೆ. ಆ ಮಾಸು, ಆ ಸತ್ತ ಕರು ಎತ್ತುವವರು ಯಾರು? ಹೆಚ್ಚಿನ ಮನೆಗಳಲ್ಲಿ ನೀವೇ, ಬರಿಗೈಯಲ್ಲಿ. ಆ ರೋಗ ಮನುಷ್ಯರಿಗೂ ಬರುತ್ತದೆ. ಬಂದು ಹೋಗುವ ಜ್ವರ, ಕೀಲುನೋವು, ರಾತ್ರಿ ಬೆವರು, ಏನೆಂದು ಗೊತ್ತಾಗದೆ ತಿಂಗಳುಗಟ್ಟಲೆ ಆಸ್ಪತ್ರೆಗೆ ಅಲೆಯುವುದು. ಇದನ್ನು ತಡೆಯುವ ಲಸಿಕೆ ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ, ಜನ್ಮದಲ್ಲಿ ಒಂದೇ ಸಲ. ಅದೂ ಸರ್ಕಾರದ ಖರ್ಚಿನಲ್ಲೇ.

ಸರ್ಕಾರದ ಖರ್ಚೆಲ್ಲ ಒಂದೇ ತೂಕದ್ದಲ್ಲ. 2022ರಲ್ಲಿ ಚರ್ಮಗಂಟು ರೋಗ ನಮ್ಮ ಜಿಲ್ಲೆಗೆ ಬಂದಾಗ, ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಪರಿಹಾರ ಬೇಕು, ಬೇಡ ಎನ್ನುವುದಿಲ್ಲ. ಆದರೆ ಒಳ್ಳೆಯ ಎಚ್‌ಎಫ್ ಆಕಳನ್ನು 20,000ಕ್ಕೆ ಹಾವೇರಿ ಸಂತೆಯಲ್ಲಿ ಯಾರು ಕೊಡುತ್ತಾರೆ? ರೋಗ ಬರುವ ಮೊದಲು ಖರ್ಚು ಮಾಡಿದ ಒಂದು ರೂಪಾಯಿ ಬಂದ ಮೇಲೆ ಹಂಚಿದ ಹತ್ತು ರೂಪಾಯಿಗಿಂತ ನನಗೆ ಹೆಚ್ಚು. ಪರಿಹಾರಕ್ಕೆ ಚೆಕ್ ಕೊಡುವ ಫೋಟೋ ಇರುತ್ತದೆ, ಲಸಿಕೆಯ ಐಸ್‌ಪೆಟ್ಟಿಗೆಗೆ ಫೋಟೋ ಇರುವುದಿಲ್ಲ. ಅದಕ್ಕೇ ಬಜೆಟ್‌ನಲ್ಲಿ ಮೊದಲನೆಯದಕ್ಕೆ ಸುಲಭವಾಗಿ ದುಡ್ಡು ಸಿಗುತ್ತದೆ. ಖಾಲಿ ಬಿದ್ದಿರುವ ಪಶುವೈದ್ಯರ, ಪರೀಕ್ಷಕರ ಹುದ್ದೆಗಳದ್ದೂ ಇದೇ ಕಥೆ. 1962ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ, ಒಳ್ಳೆಯದು, ಆದರೆ ಗಾಡಿ ಬರುವ ಊರಿನ ಆಸ್ಪತ್ರೆಯಲ್ಲಿ ಕುರ್ಚಿಯೂ ತುಂಬಿರಬೇಕು.

ಗ್ಯಾರಂಟಿ ಯೋಜನೆಗಳ ಬಗ್ಗೆ ನೀವು ಕೇಳುತ್ತೀರಿ ಎಂದು ಗೊತ್ತು. 2025–26ರ ಬಜೆಟ್‌ನಲ್ಲಿ ಐದಕ್ಕೂ ಸೇರಿ 51,034 ಕೋಟಿ ರೂಪಾಯಿ ಇಟ್ಟಿದ್ದಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೇ ಬರುವುದು ದೊಡ್ಡ ಮಾತು ಎಂದು ನಾನು ನಂಬುತ್ತೇನೆ. ಅದನ್ನು ಕೂಡಿಟ್ಟು ಕರು ಕೊಂಡವರೂ ನಿಮ್ಮಲ್ಲಿದ್ದಾರೆ. ಆದರೆ ಅಷ್ಟು ದುಡ್ಡು ಒಂದು ಕಡೆ ಹೋದಾಗ ಲಸಿಕೆ, ಆಸ್ಪತ್ರೆ, ಪ್ರೋತ್ಸಾಹಧನಗಳ ಸರದಿ ಹಿಂದೆ ಬೀಳಬಾರದು. ತೆರಿಗೆ ಇಳಿಸಿದಾಗಲೂ ಇದೇ ಪ್ರಶ್ನೆ. ಸೆಪ್ಟೆಂಬರ್‌ನ ಜಿಎಸ್‌ಟಿ ಇಳಿಕೆಯಿಂದ ವರ್ಷಕ್ಕೆ 48,000 ಕೋಟಿ ರೂಪಾಯಿ ಕಡಿಮೆಯಾಗಬಹುದು ಎಂದು ಕೇಂದ್ರ ಸರ್ಕಾರವೇ ಅಂದಾಜು ಕೊಟ್ಟಿತ್ತು. ಜಿಎಸ್‌ಟಿಯಲ್ಲಿ ರಾಜ್ಯಗಳ ಪಾಲೂ ಇದೆ. ಖಜಾನೆಗೆ ಬರುವುದು ಕಡಿಮೆಯಾದಾಗ ಯಾವ ಬಿಲ್ಲನ್ನು ಮೊದಲು ತಡೆಹಿಡಿಯುತ್ತಾರೆ? ಸಂಬಳವನ್ನಲ್ಲ, ಸಾಲದ ಬಡ್ಡಿಯನ್ನಲ್ಲ. ಯಾರು ಗದ್ದಲ ಮಾಡುವುದಿಲ್ಲವೋ ಅವರದ್ದನ್ನು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಹಿಂಡುವವರಿಗೆ ಗದ್ದಲ ಮಾಡಲು ಪುರುಸೊತ್ತು ಎಲ್ಲಿದೆ?

"ನಾವೇನ ಟ್ಯಾಕ್ಸ್ ಕಟ್ಟತೇವೇನ್ರಿ, ಕೇಳಾಕ?" ಎಂದು ಒಬ್ಬ ಅಕ್ಕ ಅಂದರು. ಕಟ್ಟುತ್ತೀರಿ. ಸಾಬೂನು ಕೊಂಡಾಗ, ಮೊಬೈಲ್‌ಗೆ ಕರೆನ್ಸಿ ಹಾಕಿಸಿದಾಗ, ಗಂಡನ ಬೈಕಿಗೆ ಪೆಟ್ರೋಲ್ ಹಾಕಿಸಿದಾಗ. ಸಂಬಳದವರ ತೆರಿಗೆಗೆ ಪತ್ರ ಇರುತ್ತದೆ, ನಿಮ್ಮದಕ್ಕೆ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಲಾಭ-ನಷ್ಟ ಓದಿ ಮುಗಿಸಿ ಮೈಸೂರುಪಾಕ್ ಹಂಚುವ ಮೊದಲು ಕೈ ಎತ್ತಿ: ನಮ್ಮ ಪ್ರೋತ್ಸಾಹಧನ ಯಾವ ತಿಂಗಳಿನವರೆಗೆ ಜಮಾ ಆಗಿದೆ, ಉಳಿದದ್ದು ಯಾವಾಗ ಬರುತ್ತದೆ, ಅದನ್ನು ನಿರ್ಣಯ ಮಾಡಿ ಒಕ್ಕೂಟದ ಮೂಲಕ ಸರ್ಕಾರಕ್ಕೆ ಕಳಿಸಿ. ಗ್ರಾಮಸಭೆಗೂ ಹೋಗಿ. ಅಲ್ಲಿ ಗಟಾರ, ಬೀದಿದೀಪ ಎಲ್ಲ ಆದ ಮೇಲಾದರೂ ನಮ್ಮ ಪಶು ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಖಾಲಿ ಇದೆ, ಕಳೆದ ಸುತ್ತಿನ ಕಾಲುಬಾಯಿ ಲಸಿಕೆ ಎಷ್ಟು ದನಕ್ಕೆ ಆಯಿತು ಎಂದು ಕೇಳಿ. ಉತ್ತರ ಕೊಡಬೇಕಾದವರಲ್ಲಿ ನಾನೂ ಒಬ್ಬ, ಕೇಳಿದರೆ ಕೊಡುತ್ತೇನೆ. ಮತ್ತೆ ಮನೆಯಲ್ಲಿ 4 ತಿಂಗಳು ತುಂಬಿದ ಹೆಣ್ಣು ಕರು ಇದ್ದರೆ ಕಾರ್ಯದರ್ಶಿಯ ಬಳಿ ಈ ವಾರವೇ ಹೆಸರು ಬರೆಸಿ. 8 ತಿಂಗಳು ದಾಟಿದ ಮೇಲೆ ಆ ಲಸಿಕೆ ಹಾಕಲು ಬರುವುದಿಲ್ಲ.